ಪದ ಪರಿಚಯ: ರೀಬೂಟ್ (ರಿಲಾಂಚ್ ಅಲ್ಲ)

2025ರ ಏಪ್ರಿಲ್‌ನಲ್ಲಿ ಅಮೆರಿಕದ ಕಾಮಿಕ್ಸ್ ಪ್ರಕಾಶಕ ಮಾರ್ವೆಲ್ ಸಂಸ್ಥೆ ‘ದಿ ಅಮೇಜಿಂಗ್ ಸ್ಪೈಡರ್ ಮ್ಯಾನ್’ ಮಾಲಿಕೆಯ ಒಂದನೇ ಸಂಚಿಕೆಯನ್ನು ಮತ್ತೊಮ್ಮೆ ಹೊರತಂದಿತು. ಅದರ ಬೆನ್ನಿಗೇ ‘ಸ್ಪೈಡರ್ ಮ್ಯಾನ್ ರೀಬೂಟ್ ಆಗಿದೆ’ ಎಂಬ ವಾಕ್ಯವನ್ನೂ ಮತ್ತೊಮ್ಮೆ ಓದಬೇಕಾಯಿತು. ಆಗಿಲ್ಲ. 1999ರಲ್ಲಿ ಆಗಿರಲಿಲ್ಲ; 2014, 2015, 2018 ಮತ್ತು 2022ರಲ್ಲೂ ಆಗಿರಲಿಲ್ಲ. ಈ ಎಲ್ಲ ವರ್ಷಗಳಲ್ಲಿ ಆ ಮಾಲಿಕೆಯ ಎಣಿಕೆ ಒಂದರಿಂದ ಹೊಸದಾಗಿ ಶುರುವಾಯಿತು ಎಂಬುದು ನಿಜ. ಆದರೆ 1963ರಲ್ಲಿ ಆರಂಭವಾದ ಮೂಲ ಮಾಲಿಕೆಯಲ್ಲಿ ಪೀಟರ್ ಪಾರ್ಕರ್ (ಸ್ಪೈಡರ್ ಮ್ಯಾನ್ ವೇಷದೊಳಗಿನ ಯುವಕ) ಯಾರನ್ನು ಕಳೆದುಕೊಂಡನೋ, ಯಾರೊಡನೆ ಹಗೆ ಕಟ್ಟಿಕೊಂಡನೋ ಅದೆಲ್ಲ ಇಂದಿನ ಪೀಟರ್ ಪಾರ್ಕರ್‌ನ ಜೀವನಚರಿತ್ರೆಯಲ್ಲಿ ಹಾಗೆಯೇ ಉಳಿದಿದೆ. ಸಂಚಿಕೆಯ ಸಂಖ್ಯೆ ಬದಲಾದರೆ ಅದು ರಿಲಾಂಚ್. ಪಾತ್ರದ ಗತಕಾಲವನ್ನೇ ಅಳಿಸಿ ಕಥೆಯನ್ನು ಬುಡದಿಂದ ಕಟ್ಟಿದರೆ ಮಾತ್ರ ಅದು ರೀಬೂಟ್. ಮೊದಲನೆಯದು ಮಾರಾಟ ವಿಭಾಗದ ತೀರ್ಮಾನ, ಎರಡನೆಯದು ಕಥೆಯ ತೀರ್ಮಾನ.

ಗೊಂದಲದ ಬೇರು ಈ ಪದದ ಹುಟ್ಟಿನಲ್ಲೇ ಇರುವುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಎತ್ತರದ ಬೂಟುಗಳ ಹಿಂಬದಿಯಲ್ಲಿ, ಬೆರಳು ತೂರಿಸಿ ಎಳೆದುಕೊಳ್ಳಲು ಒಂದು ಪಟ್ಟಿಯ ಕುಣಿಕೆ ಇರುತ್ತದೆ, ಅದೇ ಬೂಟ್‌ಸ್ಟ್ರ್ಯಾಪ್. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ನೆಲದಿಂದ ಮೇಲೇಳುವುದು ಎಂಬ ಮಾತು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಆಗಹೋಗದ ಕೆಲಸವನ್ನು ಗೇಲಿ ಮಾಡಲು ಬಳಕೆಯಾಗುತ್ತಿತ್ತು. ಸ್ವಂತ ಬಲದಿಂದ ಮೇಲೆ ಬರುವುದು ಎಂಬ ಮೆಚ್ಚುಗೆಯ ಅರ್ಥ ಅದಕ್ಕೆ ಅಂಟಿಕೊಂಡದ್ದು ಆಮೇಲೆ. 1950ರ ದಶಕದ ಕಂಪ್ಯೂಟರ್ ತಂತ್ರಜ್ಞರ ಎದುರಿಗಿದ್ದದ್ದು ಇಂಥದೇ ತೊಡಕು. ಯಂತ್ರದೊಳಕ್ಕೆ ಒಂದು ಪ್ರೋಗ್ರಾಂ ಅನ್ನು ತುಂಬಲು ಇನ್ನೊಂದು ಪ್ರೋಗ್ರಾಂ ಬೇಕು ಎಂದಾದರೆ, ಎಲ್ಲಕ್ಕಿಂತ ಮೊದಲನೆಯದನ್ನು ತುಂಬುವುದು ಯಾವುದು? ತನ್ನನ್ನು ತಾನೇ ಮೇಲೆಳೆದುಕೊಳ್ಳುವ ಒಂದು ಪುಟ್ಟ ಪ್ರೋಗ್ರಾಂ ಅನ್ನು ಅವರು ಬರೆದರು, ಅದಕ್ಕೆ ಬೂಟ್‌ಸ್ಟ್ರ್ಯಾಪ್ ಎಂದು ಹೆಸರಿಟ್ಟರು. ಅದು ಬಳಕೆಯಲ್ಲಿ ಸವೆದು ‘ಬೂಟ್’ ಆಯಿತು. ಚಾಲೂ ಇರುವ ಯಂತ್ರವನ್ನು ಮತ್ತೆ ಮೊದಲಿನಿಂದ ಎಬ್ಬಿಸುವುದು ‘ರೀಬೂಟ್’ ಆಯಿತು.

ಕಾಮಿಕ್ಸ್ ಓದುಗರು ಈ ಪದವನ್ನು ಎರವಲು ಪಡೆದದ್ದು 1990ರ ದಶಕದಲ್ಲಿ, ಯೂಸ್‌ನೆಟ್ ಎಂಬ ಜಾಲದಲ್ಲಿ ಹರಟುತ್ತಿದ್ದ ಕಂಪ್ಯೂಟರ್ ಬಲ್ಲ ಅಭಿಮಾನಿಗಳ ನಡುವೆ. ಎರವಲು ತರುವಾಗ ಅವರು ಒಂದು ಸಂಗತಿಯನ್ನು ಗಮನಿಸಲಿಲ್ಲ, ಅಥವಾ ಗಮನಿಸಿಯೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಂಪ್ಯೂಟರನ್ನು ರೀಬೂಟ್ ಮಾಡಿದರೆ ಕಡತಗಳು ಅಳಿಸಿಹೋಗುವುದಿಲ್ಲ. ಆ ಕ್ಷಣದ ಕೆಲಸದ ಸ್ಮೃತಿಯಷ್ಟೇ ಖಾಲಿಯಾಗುತ್ತದೆ. ಡಿಸ್ಕಿನಲ್ಲಿದ್ದದ್ದು ಡಿಸ್ಕಿನಲ್ಲೇ ಇರುತ್ತದೆ. ಕಾಮಿಕ್ಸ್‌ನ ರೀಬೂಟ್ ಅಳಿಸುವುದು ಡಿಸ್ಕಿನಲ್ಲಿರುವುದನ್ನೇ. ನ್ಯಾಯವಾಗಿ ಅದಕ್ಕೆ ‘ಫಾರ್ಮ್ಯಾಟ್’ ಎಂದು ಹೆಸರಿಡಬೇಕಿತ್ತು, ಮತ್ತು ಹಳೆಯ ಚರಿತ್ರೆಯನ್ನು ಉಳಿಸಿಕೊಂಡು ಹೊಸ ಎಣಿಕೆ ಶುರು ಮಾಡುವ ರಿಲಾಂಚ್‌ಗೇ ‘ರೀಬೂಟ್’ ಎಂಬ ಹೆಸರು ಹೆಚ್ಚು ಒಪ್ಪುತ್ತಿತ್ತು. ಕಂಪ್ಯೂಟರಿನ ಮೂಲಕ ಪದವನ್ನು ಕಲಿತವರು ಕಾಮಿಕ್ಸ್‌ಗೆ ಬಂದು ತಪ್ಪಾಗಿ ಬಳಸಿದರೆ ಅದಕ್ಕೆ ಇಷ್ಟರ ಮಟ್ಟಿಗೆ ಸಮರ್ಥನೆ ಇದೆ. 2005ರ ಬ್ಯಾಟ್‌ಮ್ಯಾನ್ ಚಿತ್ರದ ನಂತರ ಸಿನಿಮಾ ಪತ್ರಕರ್ತರ ಕೈಗೆ ಈ ಪದ ಸಿಕ್ಕಿತು. ಆಮೇಲೆ ರೀಮೇಕು, ತಡವಾಗಿ ಬಂದ ಎರಡನೆಯ ಭಾಗ, ನಟನ ಬದಲಾವಣೆ, ಎಲ್ಲವೂ ರೀಬೂಟ್ ಎನಿಸಿಕೊಳ್ಳತೊಡಗಿದವು. ಅದಕ್ಕೆ ಸಮರ್ಥನೆ ಇಲ್ಲ.

ದೀಪಾವಳಿಯಲ್ಲಿ ವ್ಯಾಪಾರಿಗಳು ಹೊಸ ಖಾತೆ ಪುಸ್ತಕಕ್ಕೆ ಪೂಜೆ ಮಾಡುತ್ತಾರೆ. ಪುಟದ ಸಂಖ್ಯೆ ಒಂದರಿಂದ ಶುರುವಾಯಿತೆಂದು ಹಳೆಯ ಸಾಲ ಮನ್ನಾ ಆಗುವುದಿಲ್ಲ. ಹಿಂದಿನ ಬಾಕಿಯನ್ನು ಮೊದಲ ಸಾಲಿನಲ್ಲೇ ಬರೆದುಕೊಳ್ಳುತ್ತಾರೆ. ರಿಲಾಂಚ್ ಎಂದರೆ ಇಷ್ಟೇ. ರೀಬೂಟ್‌ನಲ್ಲಿ ಬಾಕಿಯೇ ಮನ್ನಾ ಆಗುತ್ತದೆ, ಪುಸ್ತಕ ಹಳೆಯದಾದರೂ ಸರಿಯೆ.

ಪುಸ್ತಕ ಹಳೆಯದಾಗಿಯೇ ಉಳಿದು ಬಾಕಿ ಮಾತ್ರ ಮನ್ನಾ ಆದ ಉದಾಹರಣೆಯನ್ನು ಮಾರ್ವೆಲ್‌ನ ಪ್ರತಿಸ್ಪರ್ಧಿ ಡಿಸಿ ಸಂಸ್ಥೆ 1986ರಲ್ಲೇ ಒದಗಿಸಿದೆ. 1985–86ರಲ್ಲಿ ಹನ್ನೆರಡು ಸಂಚಿಕೆಗಳಲ್ಲಿ ಬಂದ ‘ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ಥ್ಸ್’ ಡಿಸಿ ಕಥೆಗಳ ಅನೇಕ ಸಮಾಂತರ ಲೋಕಗಳನ್ನು ಒಂದಾಗಿ ಬೆಸೆದ ಮೇಲೆ, ಸೂಪರ್‌ಮ್ಯಾನ್‌ನ ಕಥೆಯನ್ನು ಲೇಖಕ-ಚಿತ್ರಕಾರ ಜಾನ್ ಬರ್ನ್ ಆರು ಸಂಚಿಕೆಗಳಲ್ಲಿ ಮೊದಲಿನಿಂದ ಹೇಳಿದರು. ಕ್ಲಾರ್ಕ್ ಕೆಂಟ್ ಹುಡುಗನಾಗಿದ್ದಾಗ ಸೂಪರ್‌ಬಾಯ್ ಆಗಿದ್ದ ಎಂಬುದು ಇಲ್ಲವಾಯಿತು. ಅವನ ಸಾಕು ತಂದೆತಾಯಿ, ಅವನು ದೊಡ್ಡವನಾದ ಮೇಲೂ ಬದುಕಿದ್ದರು. ಹುಚ್ಚು ವಿಜ್ಞಾನಿಯಾಗಿದ್ದ ಲೆಕ್ಸ್ ಲೂಥರ್ ಮೆಟ್ರೊಪೊಲಿಸ್‌ನ ಧನಿಕ ಉದ್ಯಮಿಯಾದ. ಇದು ಸಂದೇಹಕ್ಕೆ ಎಡೆಯಿಲ್ಲದ ರೀಬೂಟ್. ಆದರೆ 1938ರಿಂದ ನಡೆದುಬಂದಿದ್ದ ‘ಆಕ್ಷನ್ ಕಾಮಿಕ್ಸ್’ನ ಎಣಿಕೆ 583ರಿಂದ 584ಕ್ಕೆ ಏನೂ ಆಗಿಲ್ಲವೆಂಬಂತೆ ಮುಂದುವರಿಯಿತು. ‘ಸೂಪರ್‌ಮ್ಯಾನ್’ ಮಾಲಿಕೆಗೆ ಹೊಸ ಒಂದನೇ ಸಂಚಿಕೆ ಬಂದದ್ದು ನಿಜ, ಆದರೆ ಅದರ ಹಳೆಯ ಎಣಿಕೆಯನ್ನು ‘ಅಡ್ವೆಂಚರ್ಸ್ ಆಫ್ ಸೂಪರ್‌ಮ್ಯಾನ್’ ಎಂಬ ಹೆಸರಿಗೆ ದಾಟಿಸಿ 424ರಿಂದ ನಡೆಸಿದರು. ಅಂದರೆ ಒಬ್ಬನೇ ನಾಯಕ, ಒಂದೇ ರೀಬೂಟ್, ಆದರೆ ಅಂಗಡಿಯಲ್ಲಿ ಮೂರು ಬಗೆಯ ಎಣಿಕೆ. ಸಂಖ್ಯೆಯನ್ನು ನೋಡಿ ರೀಬೂಟನ್ನು ಗುರುತಿಸುತ್ತೇನೆ ಎನ್ನುವವರು ಇಲ್ಲಿ ಏನು ಹೇಳುತ್ತಾರೋ ತಿಳಿಯದು.

ಸೂಪರ್‌ಬಾಯ್ ಇಲ್ಲವಾದದ್ದರ ಪೆಟ್ಟು ‘ಲೀಜನ್ ಆಫ್ ಸೂಪರ್ ಹೀರೋಸ್’ ಮಾಲಿಕೆಗೆ ಬಿತ್ತು. ಭವಿಷ್ಯದ ಆ ತಂಡ ಹುಟ್ಟಿದ್ದೇ ಅವನ ಸ್ಫೂರ್ತಿಯಿಂದ. ತೇಪೆಯ ಮೇಲೆ ತೇಪೆ ಹಚ್ಚಿ ಸೋತ ಮೇಲೆ 1994ರಲ್ಲಿ ಇಡೀ ತಂಡವನ್ನೇ ರೀಬೂಟ್ ಮಾಡಿದರು. ಸಂಖ್ಯೆಗಳು ಸಾಗಿದ್ದು ಹೀಗೆ: 61, ಸೊನ್ನೆ, 62. ಸೊನ್ನೆಯ ಸಂಚಿಕೆ ಆ ತಿಂಗಳು ಡಿಸಿಯ ಬಹುತೇಕ ಎಲ್ಲ ಮಾಲಿಕೆಗಳಿಗೂ ಇದ್ದ ಪ್ರಚಾರದ ಉಪಾಯ. ಅದನ್ನು ಬದಿಗಿಟ್ಟರೆ, ಮೂರು ದಶಕಗಳ ಚರಿತ್ರೆ ಅಳಿಸಿಹೋದದ್ದು 61ಕ್ಕೂ 62ಕ್ಕೂ ನಡುವೆ.

ಇಲ್ಲಿ ‘ರೆಟ್ಕಾನ್’ ಎಂಬ ಮೂರನೆಯ ಪದವನ್ನೂ ಬೇರ್ಪಡಿಸಿ ಇಡಬೇಕು. ಹಿಂದೆ ಹೇಳಿದ ಕಥೆಯ ಒಂದು ಭಾಗವನ್ನು ಇಂದು ತಿದ್ದಿ, ಮೊದಲಿನಿಂದಲೂ ಹಾಗೆಯೇ ಇತ್ತೆಂದು ಹೇಳುವುದು ರೆಟ್ಕಾನ್. 2007ರ ಕೊನೆಯಲ್ಲಿ ಮಾರ್ವೆಲ್ ಸಂಸ್ಥೆ, ಇಪ್ಪತ್ತು ವರ್ಷಗಳಿಂದ ವಿವಾಹಿತನಾಗಿದ್ದ ಪೀಟರ್ ಪಾರ್ಕರ್‌ನ ಮದುವೆಯನ್ನು ಮೆಫಿಸ್ಟೋ ಎಂಬ ಸೈತಾನನೊಡನೆ ನಡೆದ ಒಪ್ಪಂದದ ಮೂಲಕ ಇಲ್ಲವಾಗಿಸಿತು. ಓದುಗರು ಇಂದಿಗೂ ಕ್ಷಮಿಸದ ಈ ಬದಲಾವಣೆ ನಡೆದದ್ದು 545ನೇ ಸಂಚಿಕೆಯಲ್ಲಿ, ಮುಂದಿನದು 546. ಹೊಸ ಎಣಿಕೆಯೂ ಇಲ್ಲ, ರೀಬೂಟೂ ಇಲ್ಲ, ಏಕೆಂದರೆ ಮದುವೆಯೊಂದನ್ನು ಬಿಟ್ಟು ಉಳಿದ ಘಟನೆಗಳು ಬಹುಮಟ್ಟಿಗೆ ಉಳಿದವು. ಆರು ಸಲ ಸಂಖ್ಯೆ ಒಂದಕ್ಕೆ ಇಳಿದಾಗ ಏನೂ ಅಳಿಸಿಹೋಗದ ಮಾಲಿಕೆಯಲ್ಲಿ, ಅತಿ ದೊಡ್ಡ ಅಳಿಸುವಿಕೆ ನಡೆದದ್ದು ಸಂಖ್ಯೆ ಕದಲದೆ ಇದ್ದಾಗ.

ಎರಡನ್ನೂ ಒಟ್ಟಿಗೆ ಮಾಡಲು ಹೋಗಿ ಯಾವುದನ್ನೂ ಪೂರ್ತಿ ಮಾಡದ ಪ್ರಸಂಗ 2011ರ ‘ನ್ಯೂ 52’. ಡಿಸಿ ತನ್ನ ಹಳೆಯ ಮಾಲಿಕೆಗಳನ್ನು ನಿಲ್ಲಿಸಿ, 904ಕ್ಕೆ ತಲುಪಿದ್ದ ‘ಆಕ್ಷನ್ ಕಾಮಿಕ್ಸ್’ ಮತ್ತು 881ಕ್ಕೆ ತಲುಪಿದ್ದ ‘ಡಿಟೆಕ್ಟಿವ್ ಕಾಮಿಕ್ಸ್’ ಸೇರಿದಂತೆ 52 ಒಂದನೇ ಸಂಚಿಕೆಗಳನ್ನು ಹೊರತಂದಿತು. ಸೂಪರ್‌ಮ್ಯಾನ್‌ನ ಮದುವೆ ರದ್ದಾಯಿತು, ವಂಡರ್ ವುಮನ್‌ಳ ಹುಟ್ಟಿನ ಕಥೆ ಬದಲಾಯಿತು. ಆದರೆ ಚೆನ್ನಾಗಿ ಮಾರಾಟವಾಗುತ್ತಿದ್ದ ಬ್ಯಾಟ್‌ಮ್ಯಾನ್ ಮತ್ತು ಗ್ರೀನ್ ಲ್ಯಾಂಟರ್ನ್ ಕಥೆಗಳನ್ನು ಮುಟ್ಟಲು ಧೈರ್ಯ ಸಾಲಲಿಲ್ಲ. ಹೊಸ ಲೋಕದಲ್ಲಿ ನಾಯಕರು ಕಾಣಿಸಿಕೊಂಡು ಸುಮಾರು ಐದು ವರ್ಷಗಳಾಗಿವೆ ಎಂದು ಹೇಳಲಾಯಿತು, ಬ್ಯಾಟ್‌ಮ್ಯಾನ್‌ಗೆ ಒಬ್ಬರಾದ ಮೇಲೊಬ್ಬರು ಸಹಾಯಕರಾದ ನಾಲ್ವರು ರಾಬಿನ್‌ಗಳನ್ನು ಹಾಗೆಯೇ ಉಳಿಸಿಕೊಳ್ಳಲಾಯಿತು. ಈ ಲೆಕ್ಕ ಹೇಗೆ ಹೊಂದುತ್ತದೆಂದು ಕೇಳಿದ ಓದುಗರಿಗೆ ಸಮಾಧಾನಕರವಾದ ಉತ್ತರ ಸಿಗಲಿಲ್ಲ. ಪ್ರಕಾಶಕರು ಇದನ್ನು ರಿಲಾಂಚ್ ಎಂದೇ ಕರೆಯಲು ಬಯಸಿದರು. ಸೂಪರ್‌ಮ್ಯಾನ್‌ನ ಮಟ್ಟಿಗೆ ಅದು ರೀಬೂಟ್, ಗ್ರೀನ್ ಲ್ಯಾಂಟರ್ನ್‌ನ ಮಟ್ಟಿಗೆ ಬರೀ ರಿಲಾಂಚ್. ಒಂದೇ ಪದದಲ್ಲಿ ಹೇಳಲೇಬೇಕೆಂಬ ಹಟ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಸಂಖ್ಯೆಯನ್ನು ಇಷ್ಟು ಸಲ ಕೆಡಿಸುವುದೇಕೆ ಎಂಬ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿದೆ. ಒಂದು ಕಾಲದಲ್ಲಿ ಪ್ರಕಾಶಕರು ಒಂದನೇ ಸಂಚಿಕೆಗೆ ಹೆದರುತ್ತಿದ್ದರು. ಪತ್ರಿಕೆ ಮಾರುವ ಗೂಡಂಗಡಿಯವನು ಹೊಸ ಹೆಸರನ್ನು ನಂಬುತ್ತಿರಲಿಲ್ಲ, ಅಂಚೆ ಇಲಾಖೆಯ ರಿಯಾಯಿತಿ ದರಕ್ಕೆ ಹೊಸ ಮಾಲಿಕೆ ಹೊಸದಾಗಿ ಅನುಮತಿ ಪಡೆಯಬೇಕಿತ್ತು. ಹಾಗಾಗಿ ದೊಡ್ಡ ಸಂಖ್ಯೆಯೇ ಭರವಸೆಯ ಗುರುತಾಗಿತ್ತು. 1949ರಲ್ಲಿ 104ನೇ ಸಂಚಿಕೆಗೆ ನಿಂತುಹೋಗಿದ್ದ ‘ಫ್ಲ್ಯಾಶ್ ಕಾಮಿಕ್ಸ್’ನ ಎಣಿಕೆಯನ್ನು 1959ರಲ್ಲಿ ಬೇರೊಬ್ಬ ಫ್ಲ್ಯಾಶ್‌ನ ಮಾಲಿಕೆ 105ರಿಂದ ಮುಂದುವರಿಸಿತು. ವೇಷದೊಳಗಿನ ಮನುಷ್ಯ ಬೇರೆ, ಉಡುಪು ಬೇರೆ, ಕಥೆ ಬೇರೆ, ಸಂಖ್ಯೆ ಮಾತ್ರ ಹಳೆಯದು. 1968ರಲ್ಲಿ ಕ್ಯಾಪ್ಟನ್ ಅಮೆರಿಕದ ಸ್ವಂತ ಮಾಲಿಕೆ 100ರಿಂದಲೂ ಹಲ್ಕ್‌ನದು 102ರಿಂದಲೂ ಶುರುವಾದವು.

ಇದನ್ನು ತಿರುವುಮುರುವು ಮಾಡಿದ್ದು ಡೈರೆಕ್ಟ್ ಮಾರ್ಕೆಟ್ ಎಂಬ ವ್ಯವಸ್ಥೆ. 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ವಿತರಕ ಫಿಲ್ ಸ್ಯೂಲಿಂಗ್ ಪ್ರಕಾಶಕರೊಡನೆ ಮಾಡಿಕೊಂಡ ಏರ್ಪಾಡಿನಂತೆ, ಕಾಮಿಕ್ಸ್ ಅಂಗಡಿಗಳು ಹೆಚ್ಚಿನ ರಿಯಾಯಿತಿಗೆ ಪ್ರತಿಗಳನ್ನು ಕೊಳ್ಳುತ್ತವೆ, ಆದರೆ ಉಳಿದ ಪ್ರತಿಗಳನ್ನು ಹಿಂದಿರುಗಿಸುವಂತಿಲ್ಲ. ಪುಸ್ತಕ ಬರುವ ವಾರಗಟ್ಟಲೆ ಮೊದಲೇ ಅಂಗಡಿಯವರು ಇಷ್ಟು ಬೇಕೆಂದು ಊಹಿಸಿ ಬೇಡಿಕೆ ಸಲ್ಲಿಸುತ್ತಾರೆ. ಮಾಲಿಕೆಯೊಂದು ಮುಂದುವರಿದಂತೆ ಬೇಡಿಕೆ ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ; ಒಂದನೇ ಸಂಚಿಕೆಗೆ ಮಾತ್ರ ಅದು ಜಿಗಿಯುತ್ತದೆ. ಮಾರಾಟದ ಪಟ್ಟಿಗಳಲ್ಲಿ ಕಾಣುತ್ತಿದ್ದ ಅಂಕಿಗಳೂ ಬಹುಪಾಲು ಅಂಗಡಿಗಳು ಕೊಂಡ ಪ್ರತಿಗಳದ್ದೇ ಹೊರತು ಓದುಗರು ಕೊಂಡವುಗಳದ್ದಲ್ಲ. 1991ರಲ್ಲಿ ‘ಎಕ್ಸ್‌-ಮೆನ್’ ಮಾಲಿಕೆಯ ಹೊಸ ಒಂದನೇ ಸಂಚಿಕೆ ಐದು ಬಗೆಯ ಮುಖಪುಟಗಳೊಂದಿಗೆ ಸುಮಾರು 81 ಲಕ್ಷ ಪ್ರತಿ ಹೋಯಿತು. ಮುಂದೊಂದು ದಿನ ಬೆಲೆ ಬರುತ್ತದೆಂದು ಅದನ್ನು ಕಟ್ಟುಗಟ್ಟಲೆ ಕೂಡಿಟ್ಟವರು ಅನೇಕರು. 1938ರ ‘ಆಕ್ಷನ್ ಕಾಮಿಕ್ಸ್’ ಒಂದನೇ ಸಂಚಿಕೆಯ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾದದ್ದು, ಅದರ ಪ್ರತಿಗಳನ್ನು ಬಹುತೇಕ ಎಲ್ಲರೂ ಓದಿ ಎಸೆದದ್ದರಿಂದ. ಎಲ್ಲರೂ ಜೋಪಾನವಾಗಿಟ್ಟ ವಸ್ತುವಿಗೆ ಅಂಥ ಬೆಲೆ ಎಲ್ಲಿಂದ ಬರಬೇಕು?

ಪ್ರತಿ ರಿಲಾಂಚ್‌ಗೂ ಪ್ರಕಾಶಕರು ಕೊಡುವ ಕಾರಣ ಹೊಸ ಓದುಗರ ಅನುಕೂಲ. ‘ಜಂಪಿಂಗ್ ಆನ್ ಪಾಯಿಂಟ್’ (ಹೊಸಬರು ಹತ್ತಿಕೊಳ್ಳಬಹುದಾದ ತಾಣ) ಎಂಬ ಮಾತು ಜಾಹೀರಾತುಗಳಲ್ಲಿ ತಪ್ಪುವುದಿಲ್ಲ. ಆದರೆ ಹಳೆಯ ಚರಿತ್ರೆ ಅಷ್ಟೂ ಜಾರಿಯಲ್ಲಿರುವಾಗ ಮುಖಪುಟದ ಸಂಖ್ಯೆಯೊಂದೇ ಹೊಸ ಓದುಗನಿಗೆ ಏನು ಸಹಾಯ ಮಾಡೀತು ಎಂಬುದನ್ನು ಯಾರೂ ವಿವರಿಸುವುದಿಲ್ಲ. ಅದೇ ಪ್ರಕಾಶಕರಿಗೆ ದೊಡ್ಡ ಸಂಖ್ಯೆ ಲಾಭ ತರುವಂತಿದ್ದರೆ ಚರಿತ್ರೆಯ ಮೇಲಿನ ಪ್ರೀತಿ ಮರಳಿ ಬರುತ್ತದೆ. 2016ರಲ್ಲಿ ಡಿಸಿ ತನ್ನ ಹಳೆಯ ಎಣಿಕೆಗೆ 2011ರಿಂದ ಬಂದ 52 ಸಂಚಿಕೆಗಳನ್ನು ಕೂಡಿಸಿ ‘ಆಕ್ಷನ್ ಕಾಮಿಕ್ಸ್’ ಅನ್ನು 957ರಿಂದ ಮುಂದುವರಿಸಿತು. 2018ಕ್ಕೆ ಸಾವಿರದ ಸಂಚಿಕೆ ಸಿದ್ಧವಾಯಿತು. ಮಾರ್ವೆಲ್ ಮುಖಪುಟದ ಮೇಲೆ ಸಣ್ಣ ಅಕ್ಷರಗಳಲ್ಲಿ ‘ಎಲ್‌ಜಿವೈ’ (ಲೆಗಸಿ, ಅಂದರೆ ಪರಂಪರೆ) ಎಂದು ಹಳೆಯ ಎಣಿಕೆಯನ್ನೂ ಅಚ್ಚು ಹಾಕುತ್ತದೆ. ಅದರ ಫಲವಾಗಿ 2022ರಲ್ಲಿ ಬಂದ ಅಮೇಜಿಂಗ್ ಸ್ಪೈಡರ್ ಮ್ಯಾನ್‌ನ ಒಂದೇ ಪುಸ್ತಕ ಆರನೆಯ ಸಂಚಿಕೆಯೂ ಆಗಿತ್ತು, ಒಂಬೈನೂರನೆಯದೂ ಆಗಿತ್ತು.

ಮೂಲ ಕಥೆಯಿಂದ ಬೇರೆಯಾದ ಹೊಸ ಲೋಕದಲ್ಲಿ ನಡೆಯುವ ಮಾಲಿಕೆಗಳನ್ನೂ ರೀಬೂಟ್ ಎನ್ನುವವರಿದ್ದಾರೆ. 2000ದ ‘ಅಲ್ಟಿಮೇಟ್ ಸ್ಪೈಡರ್ ಮ್ಯಾನ್’ ಅಥವಾ 2024ರ ‘ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್’ ಬಂದಾಗ ಮೂಲ ಮಾಲಿಕೆಗಳು ಪಕ್ಕದಲ್ಲಿ ನಡೆಯುತ್ತಲೇ ಇದ್ದವು. ಏನನ್ನೂ ಅಳಿಸಲಿಲ್ಲ, ಆದ್ದರಿಂದ ರೀಬೂಟ್ ಅಲ್ಲ.

ನಮ್ಮಲ್ಲಿ ಹೆಚ್ಚಿನವರು ಬಿಡಿ ಸಂಚಿಕೆಗಳನ್ನಲ್ಲ, ಸಂಕಲನ ಸಂಪುಟಗಳನ್ನು ಕೊಳ್ಳುವವರು. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಹುಡುಕುವವರಿಗೆ ಈ ಎಣಿಕೆಯ ಕಾಟ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ: ಅಮೇಜಿಂಗ್ ಸ್ಪೈಡರ್ ಮ್ಯಾನ್‌ನ ‘ಸಂಪುಟ 1’ ಎಂಬ ಪುಸ್ತಕ ಒಂದಲ್ಲ, ಹಲವು. ಡ್ಯಾನ್ ಸ್ಲಾಟ್, ನಿಕ್ ಸ್ಪೆನ್ಸರ್, ಜೆಬ್ ವೆಲ್ಸ್, ಪ್ರತಿಯೊಬ್ಬ ಲೇಖಕರ ಅವಧಿಗೂ ಬೇರೆ ಬೇರೆ ಸಂಪುಟ 1 ಇದೆ. ಜೆ. ಮೈಕೆಲ್ ಸ್ಟ್ರಾಝಿನ್ಸ್ಕಿಯವರ ಸಂಪುಟ 1 ಅಂತೂ ಶುರುವಾಗುವುದೇ ಮೂವತ್ತನೆಯ ಸಂಚಿಕೆಯಿಂದ. ಆದ್ದರಿಂದ ಬೆನ್ನಿನ ಮೇಲಿನ ಸಂಖ್ಯೆಯನ್ನು ಬಿಟ್ಟು ಲೇಖಕರ ಹೆಸರನ್ನು, ಆಮೇಲೆ ಒಳಪುಟದಲ್ಲಿ ಸಣ್ಣಗೆ ಅಚ್ಚಾಗಿರುವ ಮೂಲ ಸಂಚಿಕೆಗಳ ವರ್ಷವನ್ನು ನೋಡಿ ಕೊಳ್ಳಬೇಕು.