ಡಿಸ್ಕ್ 100% ಅಂದರೆ ಡಿಸ್ಕ್ ತುಂಬಿದೆ ಅಂತಲ್ಲ

ಉಡುಪಿಯ ನಮ್ಮ ಮನೆಯಲ್ಲಿರುವುದು 2016ರ ಡೆಸ್ಕ್‌ಟಾಪ್. 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಚಾ ಕುಡಿದು ಲೋಟ ತೊಳೆದಿಟ್ಟು ಬಂದರೂ ಬ್ರೌಸರ್ ತೆರೆಯುತ್ತಿರಲಿಲ್ಲ. "ಇನ್ನೂ ಸುತ್ತುತ್ತಾ ಉಂಟಲ್ಲ ಮಗಾ" ಅಂತ ಅಮ್ಮ ಕರೆಂಟ್ ಬಿಲ್ ಹಿಡಿದುಕೊಂಡು ಕಾಯುತ್ತಿದ್ದರು. ಮೂರು ಸಂಜೆ ಕೂತು ಕಾರಣ ಹುಡುಕಿದೆ. ತಲೆಯಲ್ಲಿ ಬಿಸಿಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ. ಹಾರ್ಡ್‌ವೇರ್ ಕಲಿಯುತ್ತಿರುವ ನಿಮಗೂ ಬೇಕಾಗಬಹುದು.

ಮೊದಲ ಕೆಲಸ ಎಲ್ಲರಿಗೂ ಗೊತ್ತಿರುವುದೇ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಸ್ಟಾರ್ಟಪ್ ಟ್ಯಾಬಿನಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿ. ಸ್ವಲ್ಪ ಹಗುರಾಯಿತು, ಆದರೆ ರೋಗ ಹೋಗಲಿಲ್ಲ.

ನಾನು ಎಡವಿದ ಜಾಗ

ಡಿಸ್ಕ್ ಕಾಲಂ ಕೆಂಪಾಗಿತ್ತು. 100% ಅಂತ ತೋರಿಸುತ್ತಿತ್ತು. ಡಿಸ್ಕ್ ತುಂಬಿಹೋಗಿದೆ ಅಂದುಕೊಂಡೆ. ಅಕ್ಕನ ಮದುವೆ ವಿಡಿಯೋ, ಹಳೆಯ ಫೋಟೋ ಎಲ್ಲ ಹೊರಗಿನ ಡಿಸ್ಕಿಗೆ ಸಾಗಿಸಿದೆ. ಒಂದು ಇಡೀ ಸಂಜೆ ಅದಕ್ಕೇ ಹೋಯಿತು. ಮತ್ತೆ ನೋಡಿದರೆ ಅದೇ 100%.

ಆಮೇಲೆ ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿ ಡಿಸ್ಕ್ ಮೇಲೆ ಒತ್ತಿದೆ. ಆ 100%ರ ಹೆಸರು ಅಲ್ಲಿ ಸರಿಯಾಗಿ ಇತ್ತು: ಆ್ಯಕ್ಟಿವ್ ಟೈಮ್. ಅಂದರೆ ಜಾಗದ ಲೆಕ್ಕ ಅಲ್ಲ, ಹೊತ್ತಿನ ಲೆಕ್ಕ. ಡಿಸ್ಕ್ ಒಂದು ಕ್ಷಣವೂ ಬಿಡುವಿಲ್ಲದೆ ದುಡಿಯುತ್ತಿದೆ ಅಂತ ಅರ್ಥ. ಅಷ್ಟು ದುಡಿದರೂ ಕೆಳಗೆ ಓದುವ ವೇಗ ಸೆಕೆಂಡಿಗೆ 1 ಎಂಬಿಯೂ ಇರಲಿಲ್ಲ. ಇದೇ ಡಿಸ್ಕ್ ದೊಡ್ಡ ವಿಡಿಯೋ ಕಾಪಿ ಮಾಡುವಾಗ ಸೆಕೆಂಡಿಗೆ 100 ಎಂಬಿ ಓದಿತ್ತು. ಹಾಗಾದರೆ ಈಗ ಎಂತ ಆಯಿತು?

ಮಠದ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಬಡಿಸುವವರು ಸಾರಿನ ಪಾತ್ರೆ ಹಿಡಿದು ಸಾಲಾಗಿ ಹೋದರೆ ನೂರು ಎಲೆಗೆ ಬೇಗ ಬಡಿಸಿ ಮುಗಿಸುತ್ತಾರೆ. ಅದೇ ಒಬ್ಬರು ಉಪ್ಪು, ಇನ್ನೊಬ್ಬರು ಪಾಯಸ, ಆಚೆ ತುದಿಯವರು ಮಜ್ಜಿಗೆ ಕೇಳಿದರೆ ಪ್ರತಿ ಸಲ ಅಡುಗೆಮನೆಗೆ ಓಡಬೇಕು. ಬಡಿಸುವವರಿಗೆ ಕೂರಲು ಪುರುಸೊತ್ತಿಲ್ಲ, ಎಲೆಗೆ ಬಿದ್ದದ್ದು ಮಾತ್ರ ಒಂದೊಂದು ಚಮಚ. ಡಿಸ್ಕ್ ದೊಡ್ಡ ವಿಡಿಯೋವನ್ನು ಸಾಲಾಗಿ ಓದುವುದು ಮೊದಲಿನ ಥರ, ಅಲ್ಲಲ್ಲಿ ಚದುರಿದ್ದನ್ನು ಓದುವುದು ಎರಡನೆಯ ಥರ.

ಲೆಕ್ಕ ಹಾಕಿದ ಮೇಲೇ ನನಗೆ ಇದು ಗಟ್ಟಿಯಾಗಿ ಕೂತದ್ದು. ನಮ್ಮ ಡಿಸ್ಕಿನೊಳಗಿನ ತಟ್ಟೆ ಸುತ್ತುವುದು ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ತುದಿಯಾದ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು ಸುಮಾರು 4 ಮಿಲಿಸೆಕೆಂಡ್. ಹೆಡ್ ಆ ಟ್ರ್ಯಾಕಿಗೆ (ತಟ್ಟೆಯ ಮೇಲಿನ ವರ್ತುಲಕ್ಕೆ) ಸರಿಯಲು ಇನ್ನೊಂದು 9 ಸೇರಿಸಿ. ಒಟ್ಟು 13. ಅಂದರೆ ಚದುರಿದ ಜಾಗಗಳಿಂದ ಓದುವಾಗ ಸೆಕೆಂಡಿಗೆ 75ರಷ್ಟೇ ಬೇಡಿಕೆ ಪೂರೈಸಬಹುದು. ಒಂದೊಂದು 4 ಕೆಬಿ ಆದರೆ ಸಿಗುವುದು 300 ಕೆಬಿ! ಡಿಸ್ಕ್ ಹಾಳಾಗಿರಬೇಕಂತಿಲ್ಲ. ಚಿಪ್ಪಿನಲ್ಲಿ ಡೇಟಾ ಇಡುವ ಎಸ್‌ಎಸ್‌ಡಿಯಲ್ಲಿ ಸುತ್ತುವ ತಟ್ಟೆಯೂ ಇಲ್ಲ, ಸರಿಯುವ ಹೆಡ್ಡೂ ಇಲ್ಲ. ಹಾಗಾಗಿ ಇಂಥ ಚಿಕ್ಕ ಬೇಡಿಕೆಗಳನ್ನು ಅದು ಸೆಕೆಂಡಿಗೆ ಸಾವಿರಗಟ್ಟಲೆ ಮುಗಿಸುತ್ತದೆ.

ಅಷ್ಟು ಬೇಡಿಕೆ ಕಳಿಸುತ್ತಿದ್ದದ್ದು ಯಾರು?

ಇಲ್ಲಿ ಡಿಸ್ಕಿನಿಂದ ಕಣ್ಣು ತೆಗೆದು ಮೆಮೊರಿ, ಅಂದರೆ ರ‍್ಯಾಮ್ ನೋಡಬೇಕು. ನಮ್ಮದು 93% ಇತ್ತು. ರ‍್ಯಾಮ್‌ನಲ್ಲಿ ಜಾಗ ಸಾಲದೆ ಹೋದಾಗ ವಿಂಡೋಸ್ ಅದರಲ್ಲಿರುವುದನ್ನು 4 ಕೆಬಿಯ ಪುಟಗಳಾಗಿ ಡಿಸ್ಕಿನ ಪೇಜ್‌ಫೈಲಿಗೆ ತಳ್ಳುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ಹಾರ್ಡ್‌ಡಿಸ್ಕಿಗೆ ಜಾಸ್ತಿ ಕಷ್ಟ ಕೊಡುವ ಕೆಲಸವೇ ಇದು. ಕೊರತೆ ರ‍್ಯಾಮ್‌ನದ್ದು, ಕೆಂಪಾದದ್ದು ಡಿಸ್ಕ್. ರಿಸೋರ್ಸ್ ಮಾನಿಟರ್ ತೆರೆದು ಡಿಸ್ಕ್ ಟ್ಯಾಬ್ ನೋಡಿದೆ. ಪೇಜ್‌ಫೈಲ್ ಪಟ್ಟಿಯ ಮೇಲೆಯೇ ಕೂತಿತ್ತು. ಅನುಮಾನ ಅಲ್ಲಿಗೆ ಮುಗಿಯಿತು.

ಹಾಗಾಗಿ ಡಿಸ್ಕ್ 100% ಕಂಡರೆ ಪಕ್ಕದ ಮೆಮೊರಿ ಕಾಲಂ ಕೂಡ ಓದಿ. ಮೆಮೊರಿ 90% ದಾಟಿದ್ದರೆ ಮೊದಲು ರ‍್ಯಾಮ್. ಮೆಮೊರಿ ಆರಾಮಾಗಿದ್ದೂ ಡಿಸ್ಕ್ ಒದ್ದಾಡುತ್ತಿದ್ದರೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ 05 ಮತ್ತು ಸಿ5 ಸಾಲು ನೋಡಿ. 05 ಅಂದರೆ ಹಾಳಾಗಿ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು (ಡಿಸ್ಕಿನ ಚಿಕ್ಕ ತುಂಡುಗಳು). ಸಿ5 ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು. ಅಲ್ಲಿ ಸೊನ್ನೆ ಬಿಟ್ಟು ಬೇರೆ ಇದ್ದರೆ ರಿಪೇರಿ ಆಮೇಲೆ, ಮನೆಯವರ ಫೋಟೋ ಮೊದಲು ಬೇರೆ ಕಡೆ ಕಾಪಿ ಮಾಡಿ. ಇದನ್ನು ದಯವಿಟ್ಟು ಮುಂದೂಡಬೇಡಿ.

ಪರ್ಫಾರ್ಮೆನ್ಸ್ ಟ್ಯಾಬಿನ ಮೆಮೊರಿ ಪುಟದಲ್ಲಿ ರ‍್ಯಾಮ್ ಕೂರಿಸುವ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಅಂತಲೂ ಕಾಣುತ್ತದೆ. ನಮ್ಮದರಲ್ಲಿ ಎರಡರಲ್ಲಿ ಒಂದು ಖಾಲಿ ಇತ್ತು. ಇನ್ನೊಂದು 4 ಜಿಬಿ ಹಾಕಿದೆ, ಮೆಮೊರಿ 60%ಕ್ಕೆ ಇಳಿಯಿತು, ಡಿಸ್ಕ್ ಉಸಿರಾಡಿತು. ಕ್ಯಾಬಿನೆಟ್ ತೆರೆಯುವಾಗ ಕರೆಂಟಿನ ವೈರ್ ಕಿತ್ತಿಡಿ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಹಳೆ ರ‍್ಯಾಮ್‌ನ ಹಲ್ಲುಗಳು ಮಂಕಾಗಿದ್ದವು, ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ ಕೂರಿಸಿದೆ. ಎಸ್‌ಎಸ್‌ಡಿ ಮುಂದಿನ ತಿಂಗಳು.

ಇನ್ನೊಂದು ವಿಷಯ. ಸಿಪಿಯು ಪುಟದಲ್ಲಿ ಅಪ್ ಟೈಮ್, ಅಂದರೆ ಕೊನೆಯ ಸಲ ಹೊಸದಾಗಿ ಶುರುವಾದಾಗಿನಿಂದ ಆದ ಹೊತ್ತು, 11 ದಿನ ತೋರಿಸಿತು. ದಿನಾ ರಾತ್ರಿ ಶಟ್ ಡೌನ್ ಮಾಡುತ್ತೇವೆ, ಅಲ್ವಾ? ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್ ಡೌನ್‌ನಲ್ಲಿ ವಿಂಡೋಸ್‌ನ ಒಳತಿರುಳು ಡಿಸ್ಕಿನಲ್ಲಿ ಹಾಗೇ ಉಳಿದು ಬೆಳಿಗ್ಗೆ ಅದೇ ಏಳುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಮಾಡಿದಾಗ. ಅಮ್ಮನಿಗೆ ಆ ಬಟನ್ ತೋರಿಸಿಕೊಟ್ಟಿದ್ದೇನೆ, ಪ್ರತಿ ಭಾನುವಾರ ಅವರೇ ಒತ್ತುತ್ತಾರೆ.