ಹಾರ್ಡ್ ಡಿಸ್ಕಿನಲ್ಲಿ ಕೂತ ಫೋಟೋಗಳಿಂದ ಕಾಸು ಹುಟ್ಟುತ್ತಾ?

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ರಜೆ ಸಿಕ್ಕಾಗಲೆಲ್ಲ ಕ್ಯಾಮೆರಾ ಹೆಗಲಿಗೇರಿಸಿ ಹೊರಡುತ್ತೇನೆ. ಹಂಪಿ, ಆಗುಂಬೆ, ದಸರಾ ಅಂತ ಏಳೆಂಟು ಸಾವಿರ ಫೋಟೋ ಸುಮ್ನೆ ಬಿದ್ದಿವೆ. ಫೋಟೋ ಬಳಸುವ ಹಕ್ಕನ್ನು ಮಾರಿಕೊಡುವ ಸ್ಟಾಕ್ ಸೈಟುಗಳಿಗೆ ಹಾಕಿದರೆ ಒಂದು ಲೆನ್ಸಿನ ದುಡ್ಡಾದರೂ ಬರುತ್ತಾ?

ಉತ್ತರ: ದುಡ್ಡು ಬರುತ್ತದೆ. ಆದರೆ ಮೊದಲ ವರ್ಷ ಲೆನ್ಸಿನ ದುಡ್ಡಲ್ಲ, ಲೆನ್ಸ್ ಒರೆಸುವ ಬಟ್ಟೆಯ ದುಡ್ಡು.

ಇಂಥ ಸೈಟುಗಳಲ್ಲೊಂದಾದ ಅಡೋಬಿ ಸ್ಟಾಕ್ ಫೋಟೋ ಮಾರಾಟದಲ್ಲಿ ನಮಗೆ ಶೇ. 33 ಕೊಡುತ್ತದೆ. ಇನ್ನೊಂದು ಸೈಟು ಶಟರ್‌ಸ್ಟಾಕ್ 2020ರಿಂದ ಶೇ. 15ರಿಂದ 40ರ ತನಕ ಮೆಟ್ಟಿಲು ಕಟ್ಟಿದೆ. ಡೌನ್‌ಲೋಡ್ ಹೆಚ್ಚಾದಂತೆ ಮೇಲೆ ಹತ್ತುತ್ತೀರಿ, ಜನವರಿ 1 ಬಂತೆಂದರೆ ಮತ್ತೆ ಕೆಳಗಿನ ಮೆಟ್ಟಿಲಿಗೆ! ಪರ್ಸೆಂಟ್ ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಚಂದಾ ಕಟ್ಟಿ ಕೊಳ್ಳುವವರಿಗೆ ಒಂದು ಫೋಟೋ ಬೀಳುವುದೇ ಅಗ್ಗಕ್ಕೆ. ಅಡೋಬಿಯಲ್ಲಿ ನನ್ನ ಮೊದಲ ಮಾರಾಟಕ್ಕೆ ಸಿಕ್ಕಿದ್ದು 33 ಸೆಂಟ್. ಅಲ್ಲಿ 25 ಡಾಲರ್ ಕೂಡಿದ ಮೇಲಷ್ಟೇ ಹಣ ಕೈಗೆ. ಅದೇ ರೇಟಿನಲ್ಲಾದರೆ 76 ಸಲ ಮಾರಾಟ ಆಗಬೇಕು.

ಆ 33 ಸೆಂಟಿನ ಫೋಟೋ ಯಾವುದು ಗೊತ್ತಾ? ಬೆಳಗಿನ ನಾಲ್ಕಕ್ಕೆ ಎದ್ದು ಹೋಗಿ ತೆಗೆದ ಹಂಪಿಯ ಕಲ್ಲಿನ ರಥವಲ್ಲ. ಆ ರಥ 50 ರೂಪಾಯಿ ನೋಟಿನ ಮೇಲೇ ಇದೆ, ಹಂಪಿಗೆ ಹೋದವರೆಲ್ಲರ ಕ್ಯಾಮೆರಾದಲ್ಲೂ ಇದೆ. ಮಾರಾಟವಾದದ್ದು ನಮ್ಮನೆ ಒಗ್ಗರಣೆ ಸೌಟು. ಕಿಟಕಿ ಬೆಳಕು, ಸಿಡಿಯುವ ಸಾಸಿವೆ, ಆಗಷ್ಟೇ ಬಿದ್ದ ಕರಿಬೇವು, ಪಕ್ಕದಲ್ಲಿ ಬಳೆ ತೊಟ್ಟ ಕೈ. "ಎಣ್ಣೆ ಸೀಯ್ತಾ ಇದೆ, ಆಚೆ ಸರಿಯೋ" ಅಂತ ಅಮ್ಮ ಬೈದದ್ದು ಫೋಟೋದಲ್ಲಿ ಕಾಣುವುದಿಲ್ಲ.

ಅದೂ ಮೊದಲ ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳಲಿಲ್ಲ. ಕಾರಣ ನಾನೇ. ಕೀವರ್ಡ್‌ಗಳಲ್ಲಿ, ಅಂದರೆ ಫೋಟೋ ಹುಡುಕಲು ನೆರವಾಗುವ ಪದಗಳಲ್ಲಿ, ಮೊದಲಿಗೆ 'ಒಗ್ಗರಣೆ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೆ. ಅಡುಗೆ ಲೇಖನಕ್ಕೆ ಚಿತ್ರ ಹುಡುಕುವ ಎಲ್ಲೋ ಕೂತ ಡಿಸೈನರ್‌ಗೆ ಆ ಪದ ಹೇಗೆ ಹೊಳೆಯಬೇಕು? 'ಟೆಂಪರಿಂಗ್', 'ತಡ್ಕಾ' ಅಂತ ಮುಂದಕ್ಕೆ ತಂದ ಮೇಲೆ ಹೋಯಿತು. ಅಡೋಬಿಯಲ್ಲಿ 49 ಕೀವರ್ಡ್ ಹಾಕಬಹುದು, ಮೊದಲ ಹತ್ತಕ್ಕೆ ತೂಕ ಜಾಸ್ತಿ. ಫೋಟೋ ತೆಗೆಯುವುದಕ್ಕಿಂತ ಬೇಸರದ ಕೆಲಸ ಇದು. ಆದರೆ ವ್ಯಾಪಾರ ಆಗುವುದು ಇಲ್ಲೇ.

ಹಾಗಾಗಿ ಸೂರ್ಯಾಸ್ತಗಳನ್ನು ಪಕ್ಕಕ್ಕಿಡಿ. ಅಂಥವನ್ನು ಈಗ ಎಐ ನಿಮಿಷಕ್ಕೆ ಹತ್ತು ಮಾಡಿಕೊಡುತ್ತದೆ. ಬೋರ್‌ವೆಲ್ ಕೊರೆಯುವ ಲಾರಿ, ಒಣಗಲು ಹರಡಿದ ಅಡಿಕೆ, ರಾಗಿ ಮುದ್ದೆ ಕಟ್ಟುವ ಕೈ ಇವೆಯಾ ನೋಡಿ. ಅಕ್ಷರ ಕೂರಿಸಲು ಒಂದು ಬದಿ ಖಾಲಿ ಜಾಗ ಇದ್ದರೆ ಇನ್ನೂ ಒಳ್ಳೆಯದು.

ರಿಜೆಕ್ಟ್ ಆಗುವುದಕ್ಕೆ ತಯಾರಿರಿ. ಶೇ. 100ಕ್ಕೆ ಹಿಗ್ಗಿಸಿ ನೋಡಿದಾಗ ನೆರಳಿನಲ್ಲಿ ಕಾಳುಕಾಳು ಕಂಡರೆ ವಾಪಸ್. ನನ್ನದೊಂದು ಕಾಫಿ ಫೋಟೋ ಮೂಲೆಯಲ್ಲಿದ್ದ ಹಾಲಿನ ಪ್ಯಾಕೆಟ್ಟಿನ ಲೋಗೋದಿಂದಾಗಿ ವಾಪಸ್ ಬಂತು. ಮುಖ ಗುರುತು ಸಿಗುವಂತಿದ್ದು ಜಾಹೀರಾತಿಗೆ ಮಾರಬೇಕಾದರೆ ಆ ವ್ಯಕ್ತಿ ಸಹಿ ಹಾಕಿದ ಮಾಡೆಲ್ ರಿಲೀಸ್ (ಒಪ್ಪಿಗೆ ಪತ್ರ) ಬೇಕೇ ಬೇಕು. ದಸರಾ ಜನಜಂಗುಳಿಯಲ್ಲಿ ಯಾರ ಸಹಿ ಕೇಳುತ್ತೀರಿ? ಅಂಥವನ್ನು ಶಟರ್‌ಸ್ಟಾಕ್‌ನಲ್ಲಿ ಎಡಿಟೋರಿಯಲ್ (ಜಾಹೀರಾತಿಗಲ್ಲ, ಸುದ್ದಿ-ಲೇಖನಗಳಿಗೆ ಮಾತ್ರ) ಅಂತ ಹಾಕಿ, ಊರು, ದೇಶ, ತಾರೀಖಿನಿಂದ ವಿವರಣೆ ಶುರು ಮಾಡಿ. ಒಂದೇ ಸೈಟಿಗೆ ಮಾತ್ರ ಕೊಡುತ್ತೇನೆ ಅನ್ನುವ ಎಕ್ಸ್‌ಕ್ಲೂಸಿವ್ ಒಪ್ಪಂದ ಇಲ್ಲದಿದ್ದರೆ ಒಂದೇ ಫೋಟೋ ಎರಡೂ ಕಡೆ ಹಾಕಬಹುದು.

ಕೊನೆಗೆ ತೆರಿಗೆ. ಡಬ್ಲ್ಯು-8ಬೆನ್ (W-8BEN) ಅನ್ನುವ ಅಮೆರಿಕದ ತೆರಿಗೆ ಫಾರ್ಮನ್ನು ಪ್ಯಾನ್ ನಂಬರ್ ಹಾಕಿ ತುಂಬಿ. ತುಂಬದಿದ್ದರೆ ಅಲ್ಲಿನ ಮಾರಾಟದ ಮೇಲೆ ಶೇ. 30 ಕಡಿತ, ತುಂಬಿದರೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ ಪ್ರಕಾರ ಶೇ. 15. ಬಂದ ಹಣವನ್ನು ಇಲ್ಲಿನ ರಿಟರ್ನಿನಲ್ಲೂ ತೋರಿಸಬೇಕು. ಬ್ಯಾಂಕಿನವರಿಗೆ ಇದನ್ನು ನಾನು ಹೇಳಿಕೊಡಬೇಕಾ?