ಒಂದು ಸಿಮ್ಮಿನಲ್ಲಿ ಬೀಗ, ಇನ್ನೊಂದರಲ್ಲಿ ಬಾಗಿಲು

ಕೋಲಾರದ ಡೂಂ ಲೈಟ್ ಸರ್ಕಲ್ ಹತ್ತಿರ ಒಂದು ಮೊಬೈಲ್ ರಿಪೇರಿ ಅಂಗಡಿ. ಒಡೆದ ಡಿಸ್‌ಪ್ಲೇ ಬದಲಿಸಲು ಕೊಟ್ಟು ಸುಮ್ನೆ ಕೂತಿದ್ದೆ. ಅಂಗಡಿಯ ಹುಡುಗ ತನ್ನ ಫೋನಿನಲ್ಲಿ ಕದ್ದ ಸಿನಿಮಾಗಳ ಸೈಟೊಂದನ್ನು ಒತ್ತಿದ. 'ಸರ್ಕಾರದ ಸೂಚನೆಯಂತೆ ಅಥವಾ ಕೋರ್ಟಿನ ಆದೇಶದಂತೆ ತಡೆಯಲಾಗಿದೆ' ಅನ್ನುವ ಅರ್ಥದ ಇಂಗ್ಲಿಷ್ ಸಾಲು ಬಂತು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಡೇಟಾವನ್ನು ಎರಡನೇ ಸಿಮ್ಮಿಗೆ ಬದಲಿಸಿದ. ಸೈಟ್ ತೆರೆಯಿತು. "ಇದ್ರಲ್ಲಿ ಇನ್ನೂ ಬ್ಲಾಕ್ ಆಗಿಲ್ಲ ಸಾರ್" ಅಂದ.

ದೆಹಲಿಯಲ್ಲಿ ಯಾರೋ ಒಂದು ಸ್ವಿಚ್ ಒತ್ತಿದರೆ ಸೈಟ್ ಆರಿಹೋಗುತ್ತದೆ ಅಂದುಕೊಂಡಿದ್ದೇವೆ, ಅಲ್ವಾ? ಹಾಗಿಲ್ಲ. ತಡೆಯಬೇಕಾದ ಸೈಟುಗಳ ಪಟ್ಟಿ ಇಂಟರ್‌ನೆಟ್ ಕಂಪನಿಗಳಿಗೆ ಹೋಗುತ್ತದೆ. ಒಂದು ಕಂಪನಿ ಸೈಟಿನ ಹೆಸರು ಕೇಳಿದಾಗ ತಪ್ಪು ವಿಳಾಸ ಕೊಡುತ್ತದೆ, ಇನ್ನೊಂದು ಹೆಸರು ನೋಡಿ ಸಂಪರ್ಕ ಕಡಿಯುತ್ತದೆ. ಮತ್ತೊಂದು ತಡೆ ಹಾಕುವುದನ್ನೇ ತಡ ಮಾಡುತ್ತದೆ.

ಹಿಂದೆ ಕೆಲಸ ಸುಲಭವಿತ್ತು. 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕಾ ಕಾಯ್ದೆ ತಂದಿತು. ಕೋಲಾರವೂ ಆಗ ಮೈಸೂರಿನದೇ. ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಬೇಕಾಯಿತು. ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯ ಅದನ್ನು ವಿರೋಧಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ನಮ್ಮ ಮುಳಬಾಗಿಲಿನ ಡಿವಿಜಿ 'ಕರ್ನಾಟಕ' ಪತ್ರಿಕೆ ಶುರು ಮಾಡಿದ್ದು ಅದಾದ ಐದು ವರ್ಷಕ್ಕೆ. ಅಚ್ಚುಕೂಟಕ್ಕೆ ಒಂದು ಬಾಗಿಲು, ಒಬ್ಬ ಮಾಲೀಕ. ಬೀಗ ಹಾಕಿದರೆ ಮುಗೀತು.

ಇಂಟರ್‌ನೆಟ್ಟಿಗೂ ಹಾಗೇ ಬೀಗ ಹಾಕಲು ಹೋಗಿ ಸರ್ಕಾರ ಎಡವಿತು. 2003ರಲ್ಲಿ ಮೇಘಾಲಯದ ಪ್ರತ್ಯೇಕತಾವಾದಿಗಳ ಒಂದು ಯಾಹೂ ಗುಂಪನ್ನು, ಅಂದರೆ ಯಾಹೂ ಸೈಟಿನಲ್ಲಿದ್ದ ಚರ್ಚಾಕೂಟವನ್ನು, ತಡೆಯಲು ಆದೇಶವಾಯಿತು. ಕಂಪನಿಗಳಿಗೆ ಅದೊಂದನ್ನೇ ಹೆಕ್ಕಲು ಬರಲಿಲ್ಲ. ದೇಶದಲ್ಲಿ ಯಾಹೂ ಗುಂಪುಗಳೆಲ್ಲ ಬಂದ್. 2006ರಲ್ಲಿ ಮತ್ತೆ ಅದೇ ಕತೆ. ಕೆಲವೇ ಪುಟಗಳ ಪಟ್ಟಿ ಕೊಟ್ಟರೆ ಜನ ತಮ್ಮ ಬ್ಲಾಗ್ ಬರೆಯುವ ಬ್ಲಾಗ್‌ಸ್ಪಾಟ್ ಪೂರ್ತಿ ನಿಂತಿತು. ಕಳೆ ಕೀಳಲು ಹೋಗಿ ರಾಗಿ ಪೈರನ್ನೇ ಕಿತ್ತ ಹಾಗೆ.

2009ರಲ್ಲಿ ಐಟಿ ಕಾಯ್ದೆಯ 69ಎ ಕಲಂ ಜಾರಿಗೆ ಬಂತು. ದೇಶದ ಭದ್ರತೆ, ಸಾರ್ವಜನಿಕ ಶಾಂತಿಯಂಥ ಕಾರಣಕ್ಕೆ ತಡೆ ಹಾಕಬಹುದು, ಕಾರಣ ಬರೆದಿಡಬೇಕು. ಆದರೆ ಅದೇ ವರ್ಷದ ನಿಯಮಗಳಲ್ಲಿ 16ನೆಯದು ದೂರನ್ನೂ ಕ್ರಮವನ್ನೂ ಗುಟ್ಟಾಗಿಡಿ ಅನ್ನುತ್ತದೆ. ನನಗೆ ಕಾಯ್ದೆಗಿಂತ ಜಾಸ್ತಿ ಚುಚ್ಚುವುದು ಈ ಒಂದು ನಿಯಮ. 2015ರಲ್ಲಿ ಸುಪ್ರೀಂ ಕೋರ್ಟ್ ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಮಾತು ಬರೆದವರನ್ನು ಶಿಕ್ಷಿಸುವ 66ಎ ಕಲಮನ್ನು ರದ್ದು ಮಾಡಿತು, 69ಎ ಉಳಿಯಿತು.

ಸರ್ಕಾರಕ್ಕೆ ನಿಜವಾದ ಭಯ ಇರಲೇ ಇಲ್ಲ ಅನ್ನಲಾರೆ. 2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ಹಲ್ಲೆಯಾಗುತ್ತದೆ ಅನ್ನುವ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದ್ದರು. ಆಗ ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ದೇಶಕ್ಕೆಲ್ಲ ಮಿತಿ ಹಾಕಿದರು.

ಆಮೇಲೆ ಸೈಟುಗಳು ಎಚ್‌ಟಿಟಿಪಿಎಸ್‌ಗೆ, ಅಂದರೆ ಮಾಹಿತಿಯನ್ನು ಗುಟ್ಟಿನ ಲಿಪಿಯಲ್ಲಿ ಕಳಿಸುವ ವಿಧಾನಕ್ಕೆ, ಬದಲಾದವು. ನೀವು ಯಾವ ಸೈಟಿಗೆ ಹೋದಿರಿ ಅನ್ನುವುದು ಇಂಟರ್‌ನೆಟ್ ಕಂಪನಿಗೆ ಗೊತ್ತಾಗುತ್ತದೆ, ಅಲ್ಲಿ ಯಾವ ಪುಟ ಓದಿದಿರಿ ಅನ್ನುವುದು ಕಾಣುವುದಿಲ್ಲ. ಒಂದು ಪೋಸ್ಟ್ ತೆಗೆಸಬೇಕಾದರೆ ಆ ಸೈಟಿನವರನ್ನೇ ಹಿಡಿಯಬೇಕು. ಹಾಗಾಗಿ ಜಗಳ ನಮ್ಮ ಹೈಕೋರ್ಟಿಗೆ ಬಂತು. ತಡೆ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರ್‌ಗೆ 2023ರ ಜೂನ್‌ನಲ್ಲಿ 50 ಲಕ್ಷ ರೂಪಾಯಿ ದಂಡ ಬಿತ್ತು. ಪೋಸ್ಟ್ ತೆಗೆಯಲು ಸೂಚನೆ ಕಳಿಸುವ 'ಸಹಯೋಗ್' ಪೋರ್ಟಲ್ ವಿರುದ್ಧ ಅದೇ ಕಂಪನಿ ಹಾಕಿದ ಅರ್ಜಿಯೂ 2025ರ ಸೆಪ್ಟೆಂಬರ್‌ನಲ್ಲಿ ವಜಾ ಆಯಿತು.

ಕಂಪನಿಯನ್ನು ಬಗ್ಗಿಸಬಹುದು, ಜನರ ಚಟವನ್ನು ಕಷ್ಟ. 2020ರಲ್ಲಿ ಟಿಕ್‌ಟಾಕ್ ಸೇರಿ 59 ಆ್ಯಪ್ ನಿಷೇಧವಾದವು. ಟಿಕ್‌ಟಾಕ್ ಹೋಯಿತು, ಕುಣಿತ ರೀಲ್ಸಿಗೆ ಬಂತು.

ನನ್ನ ಫೋನ್ ರೆಡಿಯಾಯಿತು. ಹೊಸ ಡಿಸ್‌ಪ್ಲೇ ಪರೀಕ್ಷಿಸುವ ನೆಪದಲ್ಲಿ ಅದೇ ಸೈಟ್ ಒತ್ತಿದೆ. ಅದೇ ಸಾಲು. ಆದೇಶದ ನಂಬರ್ ಇಲ್ಲ, ತಾರೀಕಿಲ್ಲ. ಸರ್ಕಾರವೋ ಕೋರ್ಟೋ ಅನ್ನುವುದೂ ಆ 'ಅಥವಾ'ದ ಹಿಂದೆಯೇ ಇತ್ತು.